ಜಿಗಣೆ ಮುಟ್ಟದ ಹೆಬ್ಬೆರಳು

ನಮ್ಮೂರಿನಲ್ಲಿ ಯಾರಿಗೆ ಪೆಟ್ಟಾದರೂ ಈಗಲೂ ಮೊದಲು ನನ್ನನ್ನೇ ಕರೆಯುತ್ತಾರೆ. ಸೂಲಿಬೆಲೆಯ ಹತ್ತಿರದ ಸಣ್ಣ ಊರು ನಮ್ಮದು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಂಡತಿಯ ತುಂಡಾದ ಬೆರಳನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಆಸ್ಪತ್ರೆಗೆ ಓಡಿದವನು ಎಂದು ಹೊಸಕೋಟೆಯವರೆಗೂ ನನ್ನ ಹೆಸರಿದೆ. "ಇನ್ಯಾರಾದ್ರೂ ಆಗಿದ್ರೆ ಆ ಬೆರಳ್ನ ತಿಪ್ಪೆಗೆ ಎಸೀತಿದ್ರು ಕಣಪ್ಪ, ಮೇಷ್ಟ್ರಿಗೆ ತಲೆ ಓಡ್ತು" ಎನ್ನುತ್ತಾರೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು. ಬೆರಳು ಉಳಿಯಲಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅದಕ್ಕೂ ಅವರೇ ಸಮಾಧಾನ ಹೇಳುತ್ತಾರೆ: "ಅವ್ರ ಕೈಲಾದ್ದು ಅವ್ರು ಮಾಡಿದ್ರು, ಹಣೇಲಿ ಬರ್ದಿರ್ಬೇಕಲ್ಲ." ನಾನು ತಲೆಯಾಡಿಸುತ್ತೇನೆ. ಈ ಹೊಗಳಿಕೆ ಕೇಳಿ ಕೇಳಿ ನನಗೆ ವಾಕರಿಕೆ ಬಂದಿದೆ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆದುಬಿಡುತ್ತೇನೆ.

ಮೊದಲು ನನ್ನ ಚಟದ ವಿಷಯ. ಹೊಗೆಸೊಪ್ಪು. ಎಡ ಅಂಗೈಯಲ್ಲಿ ಒಂದು ಚೂರು ಸೊಪ್ಪು, ಅದಕ್ಕೆ ಉಗುರಿನ ತುದಿಯಷ್ಟು ಸುಣ್ಣ, ಬಲಗೈ ಹೆಬ್ಬೆರಳಿನಿಂದ ಹದವಾಗಿ ತಿಕ್ಕಿ, ಧೂಳು ಕೊಡವಿ ಕೆಳತುಟಿಯೊಳಗೆ ಇಟ್ಟುಕೊಳ್ಳುವುದು. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಅಂಟಿಕೊಂಡದ್ದು, ಮದುವೆಯಾದ ಮೇಲೂ ಬಿಡಲಿಲ್ಲ. ಒಂದು ವರ್ಷ ಒಸಡಿನ ಹತ್ತಿರ ಹುಣ್ಣಾಗಿ ಎರಡು ತಿಂಗಳಾದರೂ ಮಾಯಲಿಲ್ಲ. ಕೊನೆಗೆ ಅದು ಏನೂ ಅಲ್ಲವೆಂದಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಅನ್ನ ನೀರು ಬಿಟ್ಟು ಸೊರಗಿದ್ದಳು. ಹುಣ್ಣು ಮಾಯುತ್ತಿದ್ದಂತೆ ನನ್ನನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ, ಮಂಗಳಾರತಿಯ ಮುಂದೆ ನಿಲ್ಲಿಸಿ, "ಬಿಟ್ಟೆ ಅನ್ನಿ" ಎಂದಳು. "ಬಿಟ್ಟೆ" ಎಂದೆ. ಕರ್ಪೂರದ ಮೇಲೆ ಕೈಯಾಡಿಸಿ ಕಣ್ಣಿಗೂ ಒತ್ತಿಕೊಂಡೆ.

ಮೂರು ವಾರ ಬಿಟ್ಟಿದ್ದೆ, ಸುಳ್ಳಲ್ಲ. ಆಮೇಲೆ ಕದ್ದು ಶುರುವಾಯಿತು. ಹಸುಗಳಿಗೆ ಔಷಧಿ ಕುಡಿಸಲು ನಮ್ಮಪ್ಪನ ಕಾಲದ ಒಂದು ಬಿದಿರಿನ ಗೊಟ್ಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿಕೊಂಡಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಡುವ ಈ ಕಾಲದಲ್ಲಿ ಅದನ್ನು ಯಾರೂ ಕೆಳಗಿಳಿಸುತ್ತಿರಲಿಲ್ಲ. ಪೊಟ್ಟಣವನ್ನು ಅದರೊಳಗೆ ತುರುಕಿಡುತ್ತಿದ್ದೆ. ಮಾವಿನ ಎಲೆ ಜಗಿದು, ಬಾಯಿ ಮುಕ್ಕಳಿಸಿ, ಸೋಪು ಹಚ್ಚಿ ಕೈ ತೊಳೆದು ಒಳಗೆ ಬರುತ್ತಿದ್ದೆ. ವರ್ಷಕ್ಕೊಂದು ಸಲ ಸ್ಕೂಲಿನ ಪ್ರಾರ್ಥನೆಯಲ್ಲಿ ತಂಬಾಕಿನ ಮೇಲೆ ಭಾಷಣ ಮಾಡುವವನೂ ನಾನೇ. ಕೊಳೆತ ಬಾಯಿಯ ಚಿತ್ರಗಳನ್ನು ತೋರಿಸಿ ಮಕ್ಕಳನ್ನು ಹೆದರಿಸುತ್ತಿದ್ದೆ. ನಾಚಿಕೆಯಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು, ಭಾಷಣ ಮುಗಿದು ಐದು ನಿಮಿಷದವರೆಗೆ.

ಇನ್ನು ಅವಳ ವಿಷಯ. ಅವಳ ತವರು ಆವತಿ ಕಡೆ, ಕೆರೆ ಹಿಂದಿನ ಗದ್ದೆಯವರು. ನಮ್ಮ ಮನೆಗೆ ಬಂದ ದಿನದಿಂದ ಹಸುಗಳು ಅವಳವೇ ಆದವು. ಸುತ್ತಮುತ್ತಲಿನವರೆಲ್ಲ ಹಾಲು ಕರೆಯುವ ಮಿಷನ್ ಇಟ್ಟುಕೊಂಡರೂ ಇವಳು ಒಪ್ಪಲಿಲ್ಲ. ನಮ್ಮಲ್ಲಿದ್ದ ಹಿರಿಯ ಹಸುವಂತೂ ಅವಳ ಕೈ ಬಿದ್ದರೆ ಮಾತ್ರ ಸೊರ ಬಿಟ್ಟು ಹಾಲಿಳಿಸುತ್ತಿತ್ತು. ಬಲಗೈ ಹೆಬ್ಬೆರಳು ಮೊಲೆಯ ಬುಡದಿಂದ ಜಾರಿ ಬರುವಾಗ ಬಕೆಟ್ಟಿನಲ್ಲಿ ನೊರೆ ಏಳುವ ಸದ್ದಿಗೇ ನನಗೆ ದಿನಾ ಬೆಳಗಾಗುತ್ತಿತ್ತು. ಅದೇ ಬೆರಳಿನಿಂದ ಮುದ್ದೆ ಕೋಲು ಹಿಡಿದು ತಿರುವುತ್ತಿದ್ದಳು, ಬಾಗಿಲಿಗೆ ರಂಗೋಲಿ ಎಳೆಯುತ್ತಿದ್ದಳು. ಇದನ್ನೆಲ್ಲ ನಾನು ಗಮನಿಸಿದ್ದು ಅದು ಹೋದ ಮೇಲೆ.

ಅದೊಂದು ಭಾನುವಾರ ಬೆಳಿಗ್ಗೆ. ಮುಸುಕಿನ ಜೋಳದ ಕಡ್ಡಿಯನ್ನು ಮೇವು ಕತ್ತರಿಸುವ ಮಿಷನ್ನಿಗೆ ಕೊಡುತ್ತಿದ್ದಳು. ನಾನು ಜಗಲಿಯಲ್ಲಿ ಪೇಪರು ಹಿಡಿದಿದ್ದೆ. ಒಂದು ಕಡ್ಡಿ ಸಿಕ್ಕಿಕೊಂಡಿತು, ಕೈ ಹಾಕಿ ತಳ್ಳಿದಳು. ಕೂಗಲೂ ಇಲ್ಲ. ಮಿಷನ್ ನಿಲ್ಲಿಸಿ, ಸೆರಗಿನಲ್ಲಿ ಕೈ ಸುತ್ತಿಕೊಂಡು ಬಂದು, "ರೀ, ಒಂಚೂರು ಬನ್ನಿ" ಎಂದಳು. ಸೆರಗು ಕೆಂಪಾಗಿ ತೊಟ್ಟಿಕ್ಕುತ್ತಿತ್ತು.

ಕೂಗಿದವನು ನಾನು. ಅಕ್ಕಪಕ್ಕದವರು ಸೇರಿದರು. ಒಬ್ಬರು ಅರಿಶಿನ ಮೆತ್ತಿ ಎಂದರು, ಇನ್ನೊಬ್ಬರು ಕಾಫಿ ಪುಡಿ ತಂದರು, ಮೂರನೆಯವರು ಬೆರಳನ್ನು ಹಾಲಿನಲ್ಲಿ ಹಾಕಿಡಿ ಎಂದರು. ನಾನು ಎಲ್ಲರ ಮೇಲೂ ರೇಗಿದೆ. "ಗೊತ್ತಿಲ್ಲದ್ದಕ್ಕೆ ಬಾಯಿ ಹಾಕ್ಬೇಡಿ, ದೂರ ನಿಂತ್ಕೊಳಿ" ಎಂದು ಕಿರುಚಿದೆ. ಕತ್ತರಿಸಿದ ಮೇವಿನ ರಾಶಿಯಲ್ಲಿ ಬೆರಳನ್ನು ಹುಡುಕಿ ತೆಗೆದೆ. ಕುದಿಸಿ ಆರಿಸಿದ ನೀರಿನಲ್ಲಿ ಒದ್ದೆ ಮಾಡಿದ ಬಿಳಿ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ, ಅದನ್ನು ಐಸು ತುಂಬಿದ ಡಬ್ಬಿಯಲ್ಲಿಟ್ಟೆ. ಐಸು ನೇರವಾಗಿ ಮಾಂಸಕ್ಕೆ ತಾಗಬಾರದು ಎಂಬುದು ನನಗೆ ಗೊತ್ತಿತ್ತು. ಪಕ್ಕದ ಮನೆಯವರ ಕಾರಿನಲ್ಲಿ, ಲಾರಿಗಳ ಮಧ್ಯೆ ನುಸುಳಿಕೊಂಡು, ಬೆಂಗಳೂರಿನ ದಿಕ್ಕಿಗಿರುವ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಡಬ್ಬಿ ನನ್ನ ತೊಡೆಯ ಮೇಲಿತ್ತು.

ಸರ್ಜನ್ ನಲವತ್ತು ದಾಟಿದ, ಸಮಾಧಾನದ ಮನುಷ್ಯ. ಕವರು ಬಿಚ್ಚಿ ನೋಡಿದವರು ತಲೆಯೆತ್ತಿ, "ಯಾರು ಹೀಗೆ ಪ್ಯಾಕ್ ಮಾಡಿದ್ದು?" ಎಂದರು. "ನಾನೇ ಸಾರ್" ಎಂದೆ. "ಏನು ಮಾಡ್ಕೊಂಡಿದೀರಿ?" "ಸೈನ್ಸ್ ಮೇಷ್ಟ್ರು ಸಾರ್." ಸುತ್ತ ನಿಂತಿದ್ದ ಚಿಕ್ಕ ಡಾಕ್ಟರುಗಳ ಕಡೆ ತಿರುಗಿ, "ನೋಡ್ರಪ್ಪ, ಹೀಗೆ ಬರ್ಬೇಕು ಬೆರಳು. ಮೇಷ್ಟ್ರು ಅರ್ಧ ಕೆಲಸ ಮಾಡ್ಕೊಂಡೇ ಬಂದಿದಾರೆ" ಎಂದರು. ಹೆಂಡತಿಯ ಕೈಯಿಂದ ರಕ್ತ ಇನ್ನೂ ಜಿನುಗುತ್ತಿತ್ತು. ಅಂಥ ಹೊತ್ತಿನಲ್ಲೂ ನನ್ನ ಎದೆ ಉಬ್ಬಿತು ಎಂದು ಬರೆಯಲು ಈಗ ಅಸಹ್ಯವಾಗುತ್ತದೆ. ಆದರೆ ಉಬ್ಬಿದ್ದು ನಿಜ.

ಇಡೀ ದಿನದ ಆಪರೇಷನ್. ಕೂದಲೆಳೆಯಂಥ ನಾಳಗಳನ್ನು ದುರ್ಬೀನಿನಂಥ ಯಂತ್ರದಲ್ಲಿ ನೋಡುತ್ತಾ ಹೊಲಿದರಂತೆ. ಸೋಮವಾರ ಬೆಳಿಗ್ಗೆ ನೋಡಿದಾಗ ಬೆರಳು ಗುಲಾಬಿ ಬಣ್ಣಕ್ಕಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, ಕಾವಿಗೆ ಒಂದು ಬಲ್ಬು ಹಚ್ಚಿದ್ದರು. ಡಾಕ್ಟರು ನನಗೆ ನಿಯಮಗಳನ್ನು ಹೇಳಿದರು. ರೋಗಿಗೆ ಕಾಫಿ ಟೀ ಬೇಡ. ಬೀಡಿ ಸಿಗರೇಟು ಹೊಗೆಸೊಪ್ಪಿನವರು ಯಾರೂ ಹತ್ತಿರ ಸುಳಿಯಬಾರದು, ಅದು ನಾಳಗಳನ್ನು ಬಿಗಿಸುತ್ತದೆ. ಗಂಟೆಗೊಂದು ಸಲ ಬೆರಳಿನ ಬಣ್ಣ ನೋಡಿ ಸಿಸ್ಟರಿಗೆ ಹೇಳಬೇಕು. ನಾನು ಒಂದು ನೋಟ್ ಬುಕ್ಕು ತಂದು ಗೆರೆ ಹಾಕಿ, ಗಂಟೆ, ಬಣ್ಣ, ಬಿಸಿ ಎಂದು ಬರೆದಿಟ್ಟೆ. ಅದನ್ನೂ ಹೊಗಳಿದರು. ನನ್ನ ಪೊಟ್ಟಣ ಊರಿನ ಕೊಟ್ಟಿಗೆಯಲ್ಲಿತ್ತು. ಗಾಬರಿಯಲ್ಲಿ ಅದರ ನೆನಪೂ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿತು. ಡಾಕ್ಟರು ಸೂಜಿಯಿಂದ ಚುಚ್ಚಿದರೆ ಕಪ್ಪು ರಕ್ತ ಬಂತು. "ರಕ್ತ ಒಳಗೆ ಹೋಗ್ತಾ ಇದೆ ಮೇಷ್ಟ್ರೇ, ವಾಪಸ್ ಬರೋ ದಾರಿ ಸಾಲ್ತಾ ಇಲ್ಲ. ಹೊಸ ದಾರಿ ತಾನಾಗೇ ಮೂಡೋಕೆ ಐದಾರು ದಿನ ಬೇಕು. ಅಲ್ಲೀವರೆಗೆ ಕೆಟ್ಟ ರಕ್ತಾನ ಹೊರಗೆ ತೆಗೀತಿರ್ಬೇಕು" ಎಂದರು. ಅದಕ್ಕೆ ಜಿಗಣೆ ಬಿಡುತ್ತೇವೆ ಎಂದರು.

ಸಿಸ್ಟರು ಒಂದು ಗಾಜಿನ ಜಾಡಿ ತಂದರು, ಬಾಯಿಗೆ ಬಟ್ಟೆ ಕಟ್ಟಿತ್ತು. ಚಿಕಿತ್ಸೆಗೆಂದೇ ಸಾಕುವವರ ಹತ್ತಿರ ತರಿಸಿದ್ದಂತೆ. ನಮ್ಮ ಕಡೆಯ ಕೆರೆಗಳಲ್ಲಿ ಈಗ ಬೆಂಗಳೂರು ತೊಳೆದು ಕಳಿಸಿದ ನೀರಿದೆ, ಅಲ್ಲಿಯ ಜಿಗಣೆಯನ್ನು ಯಾರೂ ಮೈಗೆ ಬಿಡಲಾರರು. ನಾನು ತಡೆಯಲಾರದೆ ಪಾಠ ಶುರು ಮಾಡಿದೆ. ಇದು ವಲಯವಂತ ಪ್ರಾಣಿ, ಎರೆಹುಳುವಿನ ನೆಂಟ, ಮೂರು ದವಡೆ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ ಎಂದೆಲ್ಲ. ಚಿಂತಾಮಣಿ ಕಡೆಯ ಆ ಹೆಣ್ಣುಮಗಳು ನಗುತ್ತಾ, "ಹೌದಾ ಸಾರ್" ಎಂದು ಕೇಳಿಸಿಕೊಂಡರು. ದಿನಾ ಅದೇ ಕೆಲಸ ಮಾಡುವವರಿಗೆ ನಾನು ಪಾಠ ಹೇಳುತ್ತಿದ್ದೆ.

ಹೆಂಡತಿಗೆ ಒಂಚೂರೂ ಹೆದರಿಕೆಯಿಲ್ಲ. ಜಾಡಿಯನ್ನು ನೋಡಿ, ಪೆಟ್ಟಾದ ಮೇಲೆ ಮೊದಲ ಸಲ ನಕ್ಕಳು. "ಇವ್ನ ನೋಡಿ ಎಷ್ಟ್ ವರ್ಷ ಆಯ್ತು ಸಿಸ್ಟರ್. ನಾವು ಚಿಕ್ಕೋರಾಗಿದ್ದಾಗ ನಾಟಿ ಹಾಕಕ್ಕೆ ಗದ್ದೆಗಿಳಿದ್ರೆ ಕಾಲ್ ತುಂಬ ಇವೇ. ನಮ್ಮವ್ವ ಹೊಗೆಸೊಪ್ಪು ನೆನೆಹಾಕಿದ್ ನೀರ್ನ ಮೊಣಕಾಲ್ಗಂಟ ಹಚ್ಚೋಳು. ಆ ವಾಸ್ನೆ ಇದ್ರೆ ಒಂದೂ ಹತ್ರ ಬರ್ತಿರ್ಲಿಲ್ಲ." ಸಿಸ್ಟರು, "ಅಯ್ಯೋ, ಇಲ್ಲಿ ಬರ್ಲೇಬೇಕಲ್ಲಮ್ಮ, ಸದ್ಯ ಹಚ್ಕೊಬೇಡಿ" ಎಂದರು. ಮೂವರೂ ನಕ್ಕೆವು. ನಾನೂ ನಕ್ಕೆ. ಎಮ್ಮೆಯ ಬಾಲ ಹಿಡಿದು ಕೆರೆ ದಾಟುತ್ತಿದ್ದ ವಯಸ್ಸಿನಿಂದ ನನಗೂ ಅದು ಗೊತ್ತಿದ್ದ ವಿಷಯವೇ.

ಒಂದು ಬಟ್ಟಲಿನಲ್ಲಿ ಉಪ್ಪುನೀರಿನ ಸಲೈನ್ ಸುರಿದು, ಅದರಲ್ಲಿ ಹತ್ತಿ ಬಟ್ಟೆ ಅದ್ದಿ ಬೆರಳು ಒರೆಸಿದರು. ಸೋಪು, ಸ್ಪಿರಿಟ್ಟು ಯಾವುದೂ ತಾಗಬಾರದು, ವಾಸನೆ ಸಿಕ್ಕರೆ ಜಿಗಣೆ ಕಚ್ಚುವುದಿಲ್ಲ ಎಂದರು. ಚಿಮಟದಿಂದ ಒಂದನ್ನು ಎತ್ತಿ ಬೆರಳ ತುದಿಗೆ ಬಿಟ್ಟರು. ಅದು ತಲೆಯಾಡಿಸಿ, ಮೂಸಿ, ಗಬಕ್ಕನೆ ಹಿಡಿದುಕೊಂಡಿತು. ಅರ್ಧ ಗಂಟೆಯಲ್ಲಿ ಹಿಪ್ಪುನೇರಳೆ ಹಣ್ಣಿನ ಹಾಗೆ ಉಬ್ಬಿ ತಾನೇ ಕಳಚಿ ಬಿತ್ತು. ಕಚ್ಚಿದ ಗಾಯದಿಂದ ಗಂಟೆಗಟ್ಟಲೆ ರಕ್ತ ಜಿನುಗಿತು, ಅದೇ ಬೇಕಾಗಿದ್ದದ್ದು. ನೇರಳೆ ಹೋಗಿ ಗುಲಾಬಿ ಬಂತು. ಬಿದ್ದ ಜಿಗಣೆಯನ್ನು ಸಿಸ್ಟರು ಸ್ಪಿರಿಟ್ಟಿನ ಸೀಸೆಗೆ ಹಾಕಿದರು. ಒಬ್ಬರಿಗೆ ಕಚ್ಚಿದ್ದನ್ನು ಇನ್ನೊಬ್ಬರಿಗೆ ಬಿಡುವ ಹಾಗಿಲ್ಲ. "ಪಾಪ, ಕೆಲ್ಸ ಮಾಡಿಸ್ಕೊಂಡು ಸಾಯಿಸ್ತೀರಲ್ಲ" ಎಂದಳು ಹೆಂಡತಿ.

ನಾಲ್ಕೈದು ಗಂಟೆಗೊಂದರಂತೆ ಬುಧವಾರ ಬೆಳಿಗ್ಗೆಯವರೆಗೂ ಬಿಟ್ಟರು. ಒಂದೂ ತಪ್ಪಲಿಲ್ಲ. ಬುಧವಾರ ಬೆಳಿಗ್ಗೆ ಡಾಕ್ಟರು ಬೆರಳು ಒತ್ತಿ ನೋಡಿ, "ಇದೇ ಥರ ಇನ್ನು ಮೂರು ದಿನ ಹೋದ್ರೆ ಬೆರಳು ನಿಮ್ಮದೇ" ಎಂದರು. ಹೆಂಡತಿ ಎಡಗೈಯಿಂದಲೇ ಅವರಿಗೆ ಕೈ ಮುಗಿದಳು. "ಹಾಲು ಕರೀಬೋದಾ ಸಾರ್?" ಎಂದು ಕೇಳಿದಳು. "ವರ್ಷ ಕಳೀಲಿ, ಕರೀಬೋದು" ಎಂದರು. ಅವಳ ಕಣ್ಣಲ್ಲಿ ನೀರು ಬಂತು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

ನನಗೆ ಗೆದ್ದ ಹಾಗಾಯಿತು. ಮೂರು ದಿನದ ಬಿಗಿ ಒಮ್ಮೆಲೇ ಸಡಿಲವಾಗಿ, ಕೈಕಾಲು ಹಗುರಾಗಿ, ಹೊಟ್ಟೆ ಹಸಿವಾಯಿತು. ಕಾಂಪೌಂಡಿನ ಹೊರಗೆ ತಿಂಡಿ ತಿಂದೆ. ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಹೊಗೆಸೊಪ್ಪಿನ ಪೊಟ್ಟಣ ನೇತಾಡುತ್ತಿತ್ತು. ಒಂದೇ ಒಂದು ಸಲ ಅಂದುಕೊಂಡೆ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವಾಗ ನನಗೆ ಆದ ಸುಖದ ಬಗ್ಗೆ ಸುಳ್ಳು ಹೇಳುವುದಿಲ್ಲ, ಕಣ್ಣು ಮುಚ್ಚಿತು. ಹತ್ತು ನಿಮಿಷ ಮರದ ಕೆಳಗೆ ಕೂತಿದ್ದೆ. ಬಾಯಿ ಚೆನ್ನಾಗಿ ಮುಕ್ಕಳಿಸಿದೆ. ಕೈಗೆ ಅಲ್ಲಿ ಸೋಪು ಸಿಗಲಿಲ್ಲ. ಪ್ಯಾಂಟಿಗೆ ಒರೆಸಿಕೊಂಡು ಮೆಟ್ಟಿಲು ಹತ್ತಿದೆ. ಬಾಯಿಯ ವಾಸನೆ ಅವಳಿಗೆ ಸಿಗಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಬೆರಳ ತುದಿಯಲ್ಲಿ ರಕ್ತ ಒಣಗಿ ಹಕ್ಕಳೆಗಟ್ಟಿತ್ತು. ಅದನ್ನು ಆಗಾಗ ಒರೆಸುತ್ತಿರಬೇಕು, ಇಲ್ಲದಿದ್ದರೆ ಜಿನುಗುವುದು ನಿಲ್ಲುತ್ತದೆ. ಹಿಂದಿನ ದಿನವೇ ನಾನು, "ಅದೇನು ಮಹಾ ಸಿಸ್ಟರ್, ನಾನೇ ಮಾಡ್ತೀನಿ" ಎಂದು ಆ ಕೆಲಸ ವಹಿಸಿಕೊಂಡಿದ್ದೆ. ಕೈಗವಸು ಹಾಕಿಕೊಳ್ಳಿ ಎಂದು ಅವರು ಹೇಳಿದ್ದರು, ಆವತ್ತು ನಾನು ಹಾಕಿಕೊಳ್ಳಲಿಲ್ಲ. ಬಟ್ಟಲಿನ ಸಲೈನಿಗೆ ಕೈ ಅದ್ದಿ ಬಟ್ಟೆ ಹಿಂಡಿ, ಒರೆಸಿ, ಮತ್ತೆ ಅದ್ದಿ ಹಿಂಡಿದೆ. ಬೆರಳು ಬೆಚ್ಚಗಿದೆಯೇ ಎಂದು ನನ್ನ ಹೆಬ್ಬೆರಳಿನಿಂದ ಅವಳ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಸವರಿದೆ. ಪ್ರೀತಿಯಿಂದಲೇ ಸವರಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಸಿಸ್ಟರು ಜಾಡಿ ತಂದರು. ಬೆರಳು ಆಗಲೇ ಮತ್ತೆ ನೇರಳೆಯಾಗುತ್ತಿತ್ತು. ಅದೇ ಬಟ್ಟಲಿನ ನೀರಿನಲ್ಲಿ ಒಂದು ಸಲ ಒರೆಸಿ ಜಿಗಣೆ ಬಿಟ್ಟರು. ಅದು ತಲೆಯೆತ್ತಿ, ಬೆರಳನ್ನು ಮುಟ್ಟಿ, ಸುಟ್ಟುಕೊಂಡ ಹಾಗೆ ಹಿಂದಕ್ಕೆ ಸರಿಯಿತು. ಮತ್ತೆ ಬಿಟ್ಟರು, ಮುದುಡಿ ಉಂಡೆಯಾಗಿ ಕೆಳಗೆ ಬಿತ್ತು. ಇನ್ನೊಂದು ತೆಗೆದರು. ಅದೂ ಅಷ್ಟೆ. ಮೂರನೆಯದು ಬೆರಳಿನ ಸುತ್ತ ಹಾಸಿದ್ದ ಬಟ್ಟೆಯ ಮೇಲೇ ಹೊರಳಾಡಿತು, ಬೆರಳಿನ ಕಡೆ ಹೋಗಲೇ ಇಲ್ಲ.

ನನಗೆ ಆಗಲೇ ಗೊತ್ತಾಯಿತು. ಆ ಮೂರನೆಯದು ಹೊರಳಾಡುವುದನ್ನು ನೋಡುತ್ತಲೇ ಬಲಗೈಯನ್ನು ಜೇಬಿಗಿಳಿಸಿದೆ.

"ಇದೇನು ಹೀಗೆ? ಯಾರಾದ್ರೂ ಏನಾದ್ರೂ ಹಚ್ಚಿದ್ರಾ ಸಾರ್? ವಿಭೂತಿ, ಅರಿಶಿನ, ಎಣ್ಣೆ, ಹೊಗೆಸೊಪ್ಪಿನ ಕೈ, ಏನಾದ್ರೂ?" ಎಂದರು ಸಿಸ್ಟರು.

"ಇಲ್ಲಪ್ಪ, ಏನೂ ಇಲ್ಲ" ಎಂದೆ.

ಹೇಳಿದ್ದಿಷ್ಟೇ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಅಭ್ಯಾಸವಾಗಿತ್ತು. ನಾಲ್ಕು ವರ್ಷದಿಂದ ಹೇಳಿಕೊಂಡು ಬಂದ ಮಾತು ತಾನೇ ಹೊರಬಂತು. ಆದರೆ ಆಮೇಲೆ ಅದನ್ನು ತಿದ್ದಲು ನನಗೆ ಬೇಕಾದಷ್ಟು ಹೊತ್ತಿತ್ತು. ಸಿಸ್ಟರು ಡಾಕ್ಟರಿಗೆ ಫೋನು ಮಾಡಿದರು, ಅವರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನಾನು ಕಿಟಕಿಯ ಹತ್ತಿರ ನಿಂತು ಹೊರಗಿನ ರಸ್ತೆ ನೋಡುತ್ತಿದ್ದೆ. ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಡಾಕ್ಟರನ್ನು ಹೊರಗೆ ಕರೆದು ಗುಟ್ಟಾಗಿ ಹೇಳಿದರಾಯಿತು ಎಂದುಕೊಂಡೆ.

ಡಾಕ್ಟರು ಮೂರು ಜನ ಚಿಕ್ಕ ಡಾಕ್ಟರುಗಳ ಜೊತೆ ಬಂದರು. ಬೆರಳು ಚುಚ್ಚಿ ನೋಡಿದರು, ಈ ಸಲ ರಕ್ತ ಒಂದು ಹನಿಯಷ್ಟೇ, ಅದೂ ನಿಧಾನವಾಗಿ ಬಂತು. ಹುಬ್ಬು ಗಂಟಿಕ್ಕಿದರು. "ಬೆರಳಿಗೆ ರಕ್ತ ಹೋಗೋದೇ ನಿಂತಿದ್ರೆ ಜಿಗಣೆ ಹೀಗೆ ಮಾಡತ್ತೆ. ಇಲ್ಲಾಂದ್ರೆ ವಾಸನೆಗೆ ಮಾಡತ್ತೆ. ಇಲ್ಲಿ ವಾಸನೆ ಪ್ರಶ್ನೆಯೇ ಇಲ್ಲ, ಮೇಷ್ಟ್ರು ಇದಾರೆ" ಎಂದು ಚಿಕ್ಕವರಿಗೆ ಹೇಳಿ, ನನ್ನ ಕಡೆ ತಿರುಗಿ, "ಅಲ್ವಾ ಮೇಷ್ಟ್ರೇ? ಯಾರೂ ಹೊಗೆಸೊಪ್ಪಿನೋರು ಮುಟ್ಟಿಲ್ಲ ತಾನೆ?" ಎಂದು ಕೇಳಿದರು.

ನನ್ನ ಕೈ ಜೇಬಿನಲ್ಲಿತ್ತು. ಜೇಬಿನಲ್ಲಿ ಪೊಟ್ಟಣವಿತ್ತು. ಐದು ಜನ ನನ್ನ ಮುಖ ನೋಡುತ್ತಿದ್ದರು.

ಅಷ್ಟರಲ್ಲಿ ಹಾಸಿಗೆಯಿಂದ ಅವಳ ದನಿ ಬಂತು. "ನಮ್ಮೆಜಮಾನ್ರು ಅಂಥದ್ದೆಲ್ಲ ಮುಟ್ಟಲ್ಲ ಸಾರ್. ಘಾಟಿಲಿ ಆಣೆ ಮಾಡವ್ರೆ."

"ಸರಿ ಹಾಗಾದ್ರೆ" ಎಂದರು ಡಾಕ್ಟರು. ರಕ್ತ ಒಳಗೆ ಹೋಗುವ ನಾಳವೇ ಮುಚ್ಚಿರಬೇಕು, ಮತ್ತೆ ಬಿಚ್ಚಿ ನೋಡಬೇಕು, ತಡ ಮಾಡುವ ಹಾಗಿಲ್ಲ ಎಂದರು. ಥಿಯೇಟರಿನಲ್ಲಿ ಬೇರೆ ಆಪರೇಷನ್ ನಡೆಯುತ್ತಿತ್ತು. ಅದು ಮುಗಿಯುವವರೆಗೆ ಕಾಯಬೇಕಾಯಿತು. ಕಾಯುತ್ತಿದ್ದಷ್ಟು ಹೊತ್ತೂ ಬೆರಳು ನನ್ನ ಕಣ್ಣೆದುರೇ ಕಪ್ಪಾಗುತ್ತಿತ್ತು. ಹೊಸ ಸಲೈನು, ಹೊಸ ಬಟ್ಟೆ, ಹೊಸ ಜಿಗಣೆ. ಬೇಕಾಗಿದ್ದದ್ದು ಅಷ್ಟೇ. ಅದನ್ನು ಹೇಳಲು ಬೇಕಾಗಿದ್ದದ್ದು ಒಂದು ವಾಕ್ಯ. ನಾನು ನೋಟ್ ಬುಕ್ಕು ತೆಗೆದು, ಗಂಟೆಯ ಕಾಲಮಿನಲ್ಲಿ ಗಂಟೆ ಬರೆದು, ಬಣ್ಣದ ಕಾಲಮಿನಲ್ಲಿ ಕಪ್ಪು ನೇರಳೆ ಎಂದು ಬರೆದೆ.

ಟ್ರಾಲಿ ಬಂತು. ನಾನು ಪಕ್ಕದಲ್ಲೇ ನಡೆದೆ. ಥಿಯೇಟರಿನ ಬಾಗಿಲಲ್ಲಿ ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಹೆದರಿದ್ದಾಳೆ ಎಂದುಕೊಂಡೆ. "ಧೈರ್ಯವಾಗಿರು" ಎಂದೆ. ಬಾಗಿಲು ಮುಚ್ಚಿತು.

ಪೊಟ್ಟಣವನ್ನು ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿ, ಕೈಯ ಚರ್ಮ ಕಿತ್ತುಬರುವ ಹಾಗೆ ತೊಳೆದೆ. ಅವತ್ತಿನಿಂದ ಇವತ್ತಿನವರೆಗೂ ಮುಟ್ಟಿಲ್ಲ. ಯಾರಿಗೆ ಬೇಕು ಈಗ?

ಒಳಗೆ ಹೋಗುವ ನಾಳ ಚೆನ್ನಾಗಿಯೇ ಇತ್ತು. ಡಾಕ್ಟರು ಹೊರಗೆ ಬಂದು, "ವಿಚಿತ್ರ ಮೇಷ್ಟ್ರೇ, ಅಲ್ಲೇನೂ ತೊಂದರೆ ಇರ್ಲಿಲ್ಲ" ಎಂದರು. ಆಪರೇಷನ್ ಆದ ಮೇಲೆ ಬಿಟ್ಟ ಜಿಗಣೆಗಳು ಕಚ್ಚಿದವು. ಆದರೆ ಬೆರಳಿನೊಳಗೆ ರಕ್ತ ಅಷ್ಟರಲ್ಲೇ ಗಡ್ಡೆಕಟ್ಟಿತ್ತು, ಹೀರಿದರೂ ಬರಲಿಲ್ಲ. ಶುಕ್ರವಾರ ಬೆರಳು ತಣ್ಣಗಾಯಿತು. ಶನಿವಾರ ಇದ್ದಲಿನ ಬಣ್ಣಕ್ಕೆ ಬಂತು. ಸೋಮವಾರ ತೆಗೆದುಹಾಕಿದರು. "ಇಂಥ ಗಾಯದಲ್ಲಿ ಎಲ್ಲ ಸರಿಯಾಗಿ ಮಾಡಿದ್ರೂ ಕೆಲವು ಸಲ ಉಳಿಯಲ್ಲ. ನೀವು ಕೊರಗಬೇಡಿ, ನಿಮ್ಮ ಕಡೆಯಿಂದ ಒಂದೂ ತಪ್ಪಿಲ್ಲ" ಎಂದು ಡಾಕ್ಟರು ನನ್ನ ಭುಜ ತಟ್ಟಿದರು. ಆ ಮಾತನ್ನು ನಾನು ಎಷ್ಟು ದಿನ ಬಾಚಿ ತಬ್ಬಿಕೊಂಡಿದ್ದೆ ಎಂದರೆ, ಕೊನೆಕೊನೆಗೆ ಬೆರಳು ಹೇಗಿದ್ದರೂ ಹೋಗುತ್ತಿತ್ತು ಎಂದು ನಂಬಿಯೇಬಿಟ್ಟಿದ್ದೆ. ಹೋಗುತ್ತಿತ್ತೋ ಏನೋ. ಅದನ್ನು ತಿಳಿದುಕೊಳ್ಳುವ ದಾರಿಯನ್ನು ನಾನೇ ಮುಚ್ಚಿದ್ದೇನೆ.

ಊರಿಗೆ ಬಂದೆವು. ಅವಳು ಯಾರ ಮುಂದೆಯೂ ಅಳಲಿಲ್ಲ. ಹಿರಿಯ ಹಸು ಪಕ್ಕದ ಮನೆಯಿಂದ ತಂದ ಹಾಲು ಕರೆಯುವ ಮಿಷನ್ನಿಗೆ ಸೊರ ಬಿಡದೆ, ಒದ್ದು, ಕೆಚ್ಚಲು ಬಾತು ಕೊನೆಗೆ ಮಾರಬೇಕಾಯಿತು. ಅದನ್ನು ಟೆಂಪೋಗೆ ಹತ್ತಿಸುವಾಗ ಮಾತ್ರ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಳಿದ ಎರಡನ್ನು ಎಡಗೈಯಿಂದ, ಬಲಗೈಯ ನಾಲ್ಕು ಬೆರಳು ಮಡಚಿ, ಹೇಗೋ ಕರೆಯಲು ಕಲಿತಳು. ಮುದ್ದೆ ತಿರುವುವುದು ನನ್ನ ಕೆಲಸವಾಯಿತು. ಗಂಟು ಗಂಟಾಗಿ ಮಾಡಿಡುತ್ತೇನೆ, ಮಾತಾಡದೆ ತಿನ್ನುತ್ತಾಳೆ.

ಆರೇಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕರುವಿಗೆ ಹೊಟ್ಟೆ ಉಬ್ಬರಿಸಿತು. ದನದ ಡಾಕ್ಟರು ಫೋನಿನಲ್ಲೇ ಎಣ್ಣೆ ಔಷಧಿ ಹೇಳಿ, ತಕ್ಷಣ ಕುಡಿಸಿ, ಆಮೇಲೆ ಬರುತ್ತೇನೆ ಎಂದರು. "ಆ ಗೊಟ್ಟ ಇಳಿಸಿ" ಎಂದಳು ಅವಳು.

ಅದರೊಳಗಿನ ಹಳೆಯ ಪೊಟ್ಟಣವನ್ನು ಆಸ್ಪತ್ರೆಯಿಂದ ಬಂದ ಮೇಲೆ ಮುಟ್ಟಲು ಹೇಸಿ ಹಾಗೆಯೇ ಬಿಟ್ಟಿದ್ದೆ. "ಅದು ಹಳೇದು, ಬಿರುಕು ಬಿಟ್ಟಿದೆ, ಬಾಟ್ಲಿ ತರ್ತೀನಿ ಇರು" ಎಂದೆ.

"ಇಳ್ಸಿ. ಏನೂ ಇಲ್ಲ ಅದ್ರೊಳಗೆ" ಎಂದಳು. "ಅದ್ರಾಗಿದ್ದುದ್ನ ನಾನೇ ತೆಗ್ದು ತಿಪ್ಪೆಗೆ ಹಾಕಿದೀನಿ. ಎರಡ್ ಸಲ ಬಿಸಿನೀರಲ್ಲಿ ತೊಳ್ದಿದೀನಿ."

ಸೂರಿಗೆ ಚಾಚಿದ ಕೈ ಹಾಗೇ ನಿಂತಿತು. "ಯಾವಾಗ ಗೊತ್ತಾಯ್ತು ನಿಂಗೆ?"

"ಘಾಟಿಯಿಂದ ಬಂದ್ ತಿಂಗಳಿಗೇ. ಕೊಟ್ಟಿಗೇಲಿ ದಿನಕ್ಕೆ ನಾಕ್ ಸಲ ಓಡಾಡೋಳು ನಾನು. ಬಿಡ್ತಾರೆ, ಬಿಡ್ತಾರೆ ಅಂತ ಸುಮ್ನಿದ್ದೆ."

ಮುಂದಿನದನ್ನು ನಾನು ಕೇಳಬಾರದಿತ್ತು. ಕೇಳಿದೆ. "ಮತ್ತೆ ಆಸ್ಪತ್ರೇಲಿ ಯಾಕೆ ಹಂಗಂದೆ? ನಿಂಗೆ ವಾಸ್ನೆ ಬಂದಿರ್ಲಿಲ್ವಾ?"

"ಬಂದಿತ್ತು. ಬೆರಳ್ ಮುಟ್ಟಿದಾಗ್ಲೇ ಬಂತು." ಕರುವಿನ ದವಡೆಯನ್ನು ಎಡಗೈಯಿಂದ ಬಿಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು. "ಅಷ್ಟ್ ಜನ ಡಾಕ್ಟ್ರು ನಿಂತಿದ್ರು. ನಿಮ್ ಮುಖ ಹೆಂಗಾಗಿತ್ತು ಅಂದ್ರೆ, ನನ್ ಕೈಲಿ ನೋಡಕ್ಕಾಗ್ಲಿಲ್ಲ. ಅವ್ರ ಮುಂದೆ ಮರ್ಯಾದೆ ಉಳೀಲಿ, ಆಮೇಲೆ ಅವ್ರನ್ನ ಪಕ್ಕಕ್ ಕರ್ದು ನೀವೇ ಹೇಳ್ತೀರ ಅನ್ಕೊಂಡೆ."

ನನಗೆ ಮೊದಲು ಬಂದದ್ದು ಸಿಟ್ಟು, ಅವಳ ಮೇಲೆಯೇ. ನಿನ್ನ ಬೆರಳಲ್ಲವೇನೇ ಅದು, ನನ್ನ ಮರ್ಯಾದೆ ಕಟ್ಟಿಕೊಂಡು ನಿನಗೇನಾಗಬೇಕಿತ್ತು, ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಕಿರುಚಬೇಕೆನಿಸಿತು. ಆ ಸಿಟ್ಟಿನಲ್ಲೂ ನಾನು ತಪ್ಪಿಸಿಕೊಳ್ಳುವ ದಾರಿಯನ್ನೇ ಹುಡುಕುತ್ತಿದ್ದೆ.

"ಕಾದೆ" ಎಂದಳು ಅವಳು. "ಆಪರೇಷನ್ ಬಾಗಿಲ್ಗಂಟ ಕಾದೆ. ಅಲ್ಲೂ ತಿರುಗಿ ನೋಡಿದ್ನಲ್ಲ, ಈಗ್ಲಾದ್ರೂ ಹೇಳ್ತೀರೇನೋ ಅಂತ. ನೀವು ಧೈರ್ಯವಾಗಿರು ಅಂದ್ರಿ."

ಕರು ಅರಚಿತು. ಅವಳು ಅದರ ಕತ್ತನ್ನು ತೊಡೆಗೆ ಒತ್ತಿಕೊಂಡು ಬಾಯಿ ಮೇಲಕ್ಕೆತ್ತಿದಳು. ಹೆಬ್ಬೆರಳಿಲ್ಲದ ಕೈಯಲ್ಲಿ ಹಿಡಿತ ಸಿಗದೆ ಎರಡು ಸಲ ಜಾರಿತು. ಮೂರನೆಯ ಸಲ ಮುಂಗೈಯಿಂದ ಅವುಚಿ ಹಿಡಿದು, "ಸುರೀರಿ, ನಿಂತ್ಕೊಂಡ್ ಏನ್ ನೋಡ್ತೀರ" ಎಂದಳು.

ನಾನು ಗೊಟ್ಟ ಇಳಿಸಿ ಔಷಧಿ ಸುರಿದೆ. ಎರಡು ಸಲ ತೊಳೆದಿದ್ದರೂ ಅದರಲ್ಲಿ ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು.